ಎಂಟನೇ ಕ್ಲಾಸಿನ ಹಿಂದಿನ ಬೆಂಚಿನ ಲೆಕ್ಕ

ಕೋಲಾರ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಿಗೆ ಜೂನ್ ತಿಂಗಳಲ್ಲಿ ಹೊಸ ಮುಖಗಳು ಬರುತ್ತವೆ. ಶ್ರೀನಿವಾಸಪುರದ ಕಡೆ ಮಾವಿನ ಸುಗ್ಗಿ ಇನ್ನೂ ಮುಗಿದಿರುವುದಿಲ್ಲ, ಹಾಜರಿ ಪುಸ್ತಕ ಪೂರ್ತಿ ತುಂಬಿರುವುದಿಲ್ಲ. ಸುತ್ತಲಿನ ನಾಲ್ಕೈದು ಹಳ್ಳಿಗಳಲ್ಲಿ ಏಳನೇ ತರಗತಿ ಮುಗಿಸಿದವರು ಟಿ.ಸಿ. ಹಿಡಿದುಕೊಂಡು ಎಂಟಕ್ಕೆ ಸೇರುತ್ತಾರೆ. ಟಿ.ಸಿ.ಯಲ್ಲಿ ಹುಟ್ಟಿದ ತಾರೀಕು ಇರುತ್ತದೆ, ಜಾತಿ ಇರುತ್ತದೆ, ಸ್ಯಾಟ್ಸ್ ಸಂಖ್ಯೆ ಇರುತ್ತದೆ. ‘ಈ ಹುಡುಗನಿಗೆ ಎಡಗಿವಿ ಸೋರುತ್ತದೆ, ಬಲಗಡೆ ನಿಂತು ಪಾಠ ಹೇಳಿ’ ಎಂದು ಮಾತ್ರ ಬರೆದಿರುವುದಿಲ್ಲ. ಊರಿನ ಮೇಷ್ಟ್ರಿಗೆ ಅದು ಗೊತ್ತಿತ್ತು. ವರ್ಷಗಟ್ಟಲೆ ಅವನನ್ನು ನೋಡಿದ್ದವರು, ಅಭ್ಯಾಸಬಲದಿಂದಲೇ ಅವನ ಬಲಕ್ಕೆ ನಿಲ್ಲುತ್ತಿದ್ದರು. ಆ ತಿಳಿವಳಿಕೆ ಹಳ್ಳಿಯ ಶಾಲೆಯಲ್ಲೇ ಉಳಿದುಬಿಡುತ್ತದೆ. ಹೈಸ್ಕೂಲಿನಲ್ಲಿ ವಿಷಯಕ್ಕೊಬ್ಬ ಶಿಕ್ಷಕರು, ನಲವತ್ತು ನಿಮಿಷಕ್ಕೊಂದು ಬೆಲ್ಲು. ಹುಡುಗ ಹಿಂದಿನ ಬೆಂಚಿಗೆ ಹೋಗಿ ಕೂರುತ್ತಾನೆ. ಸೆಪ್ಟೆಂಬರ್ ಹೊತ್ತಿಗೆ ಅವನಿಗೊಂದು ಹೆಸರು ಬಿದ್ದಿರುತ್ತದೆ: ‘ನಿಧಾನಗತಿ ಕಲಿಕೆಯವನು’.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಇಂಥ ಮಕ್ಕಳು ಎಷ್ಟು? ಅವರಿಗೆ ಸಿಗಬೇಕಾದ ನೆರವು ಎಷ್ಟು ಸಿಕ್ಕಿದೆ? ಎರಡನೆಯ ಪ್ರಶ್ನೆ ಕೇಳಿದರೆ ಇಲಾಖೆಯ ಕಡತಗಳು ಮೊದಲನೆಯದಕ್ಕೇ ಉತ್ತರ ಕೊಡುತ್ತವೆ. ಆ ಉತ್ತರವನ್ನಾದರೂ ನಂಬಬಹುದೇ ಎಂಬ ಅನುಮಾನ ನನ್ನದು.

ಕಾಯ್ದೆ ಕೇಳುವುದು ಇದನ್ನೇ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಂದು ಜಾರಿಗೆ ಬಂತು. 1995ರ ಹಳೆಯ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು, ಹೊಸದರಲ್ಲಿ 21. ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆಗಳು ಪಟ್ಟಿಗೆ ಸೇರಿದ್ದು ಆಗ. ಶಾಲೆಗೆ ಹೋಗುವ ಮಕ್ಕಳ ಸಮೀಕ್ಷೆಯನ್ನು ಐದು ವರ್ಷಕ್ಕೊಮ್ಮೆ ಮಾಡಬೇಕು, ಮೊದಲನೆಯದನ್ನು ಕಾಯ್ದೆ ಜಾರಿಯಾದ ಎರಡು ವರ್ಷದೊಳಗೆ ಮುಗಿಸಬೇಕು ಎಂದು ಅದರ 17ನೇ ಸೆಕ್ಷನ್ ಹೇಳುತ್ತದೆ. ಸಮೀಕ್ಷೆ ಪತ್ತೆ ಮಾಡಬೇಕಾದದ್ದು ಮೂರು ಸಂಗತಿ: ಯಾವ ಮಗುವಿಗೆ ವೈಕಲ್ಯವಿದೆ, ಆ ಮಗುವಿಗೆ ಬೇಕಾದದ್ದೇನು, ಬೇಕಾದದ್ದು ಎಷ್ಟರಮಟ್ಟಿಗೆ ಸಿಗುತ್ತಿದೆ. ಈ ಮೂರನೆಯದನ್ನು ಅಳೆಯುವ ಕಾಲಂ ಯಾವ ನಮೂನೆಯಲ್ಲೂ ನೆಟ್ಟಗಿಲ್ಲ.

ಇರುವ ನಮೂನೆ ಯು–ಡೈಸ್ ಪ್ಲಸ್. ಪ್ರತಿ ಶಾಲೆಯ ಮುಖ್ಯ ಶಿಕ್ಷಕರೂ ವರ್ಷಕ್ಕೊಮ್ಮೆ ತುಂಬಲೇಬೇಕಾದ್ದು. ರ‍್ಯಾಂಪ್ ಇದೆಯೇ, ಅದಕ್ಕೆ ಹಿಡಿಕಂಬಿ ಇದೆಯೇ, ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಹೊಂದುವ ಶೌಚಾಲಯ ಇದೆಯೇ, ವಿಶೇಷ ಶಿಕ್ಷಕರು ಶಾಲೆಯಲ್ಲೇ ಇದ್ದಾರೋ ಕ್ಲಸ್ಟರಿನಲ್ಲಿ ಇದ್ದಾರೋ ಎಂದು ಅದು ಕೇಳುತ್ತದೆ. ಬ್ರೈಲ್ ಪುಸ್ತಕ, ಶ್ರವಣ ಸಾಧನ, ಊರುಗೋಲು, ಗಾಲಿ ಕುರ್ಚಿ, ಕ್ಯಾಲಿಪರ್, ಬೆಂಗಾವಲು ಭತ್ಯೆ ಮಕ್ಕಳಿಗೆ ಸಿಕ್ಕಿತೇ ಎಂದೂ ಕೇಳುತ್ತದೆ. ಒಳ್ಳೆಯದೇ. ಇಪ್ಪತ್ತು ವರ್ಷದ ಹಿಂದೆ ಇಷ್ಟನ್ನೂ ಕೇಳುವವರಿರಲಿಲ್ಲ. ಆದರೆ ಕೊಟ್ಟ ವಸ್ತುವಿಗೆ ಒಂದು ಅಂಕಿ, ಕಟ್ಟಿದ ರ‍್ಯಾಂಪಿಗೆ ಒಂದು ಟಿಕ್ಕು ಬಿದ್ದರೆ ಅಲ್ಲಿಗೆ ಪ್ರಶ್ನೆ ಮುಗಿಯುತ್ತದೆ. ರ‍್ಯಾಂಪು ಏರುವ ಪ್ರತಿ ಒಂದು ಅಡಿಗೆ ಉದ್ದ 12 ಅಡಿ ಇರಬೇಕು ಎಂಬುದು ನಿಯಮ. ಜಾಗ ಸಾಲದೆ ಕಡಿದಾಗಿ ಕಟ್ಟಿದ ರ‍್ಯಾಂಪಿನ ಮೇಲೆ ಗಾಲಿ ಕುರ್ಚಿಯನ್ನು ಇಬ್ಬರು ಗೆಳೆಯರು ತಳ್ಳಬೇಕಾಗುತ್ತದೆ. ಅದಕ್ಕೂ ಬೀಳುವುದು ಅದೇ ಟಿಕ್ಕು.

2021–22ರ ಯು–ಡೈಸ್ ಪ್ಲಸ್ ಪ್ರಕಾರ ದೇಶದ ಶಾಲೆಗಳಲ್ಲಿದ್ದ ವಿಶೇಷ ಅಗತ್ಯವುಳ್ಳ ಮಕ್ಕಳು 22.67 ಲಕ್ಷ. ಒಟ್ಟು ದಾಖಲಾತಿ 25 ಕೋಟಿಗೂ ಮಿಕ್ಕು. ಅಂದರೆ ನೂರಕ್ಕೆ ಒಬ್ಬರೂ ಇಲ್ಲ. ಲೋಕದ ಮಕ್ಕಳಲ್ಲಿ ಹತ್ತಕ್ಕೊಬ್ಬರಿಗೆ ಯಾವುದೋ ಒಂದು ಬಗೆಯ ವೈಕಲ್ಯ ಇದೆ, ಅವರ ಸಂಖ್ಯೆ ಸುಮಾರು 24 ಕೋಟಿ ಎಂದು ಯುನಿಸೆಫ್ 2021ರಲ್ಲಿ ಅಂದಾಜಿಸಿತ್ತು. ಭಾರತದ ಮಕ್ಕಳು ಲೋಕದ ಮಕ್ಕಳಿಗಿಂತ ಹತ್ತು ಪಟ್ಟು ಗಟ್ಟಿಮುಟ್ಟಾಗಿದ್ದಾರೆ ಎಂದು ನಂಬುವುದಾದರೆ ಮಾತು ಇಲ್ಲಿಗೇ ನಿಲ್ಲಿಸಬಹುದು. ನಂಬಲಾಗದಿದ್ದರೆ, ಉಳಿದ ಮಕ್ಕಳು ಎಲ್ಲಿ ಹೋದರು ಎಂದು ಹುಡುಕಬೇಕು. ಒಂದಷ್ಟು ಮಂದಿ ಶಾಲೆಯ ಮೆಟ್ಟಿಲೇ ಹತ್ತಲಿಲ್ಲ. ಮಿಕ್ಕವರು ಶಾಲೆಯಲ್ಲೇ ಇದ್ದಾರೆ, ಪಟ್ಟಿಯಲ್ಲಿ ಇಲ್ಲ.

ಕಣ್ಣಿಗೆ ಬೀಳುವುದು, ಬೀಳದಿರುವುದು

ಪಟ್ಟಿಗೆ ಸೇರುವ ದಾರಿ ಯಾವುದೆಂದು ನೋಡಿದರೆ ಯಾರು ಸೇರುವುದಿಲ್ಲ ಎಂಬುದೂ ತಿಳಿಯುತ್ತದೆ. ಕಾಲು ಎಳೆಯುವ ಹುಡುಗಿ, ಕಣ್ಣು ಕಾಣದ ಹುಡುಗ ಶಾಲೆಗೆ ಬಂದ ದಿನವೇ ಲೆಕ್ಕಕ್ಕೆ ಸಿಗುತ್ತಾರೆ. ತಾಲ್ಲೂಕಿನ ಸಂಪನ್ಮೂಲ ಕೇಂದ್ರವಾದ ಬಿ.ಆರ್.ಸಿ.ಯಲ್ಲಿ ವೈದ್ಯಕೀಯ ತಪಾಸಣಾ ಶಿಬಿರ ನಡೆಯುತ್ತದೆ. ಮೂಳೆಯ ಡಾಕ್ಟರು, ಕಣ್ಣಿನ ಡಾಕ್ಟರು, ಕಿವಿ ಮೂಗು ಗಂಟಲಿನವರು ಬರುತ್ತಾರೆ, ಕೃತಕ ಅಂಗ ತಯಾರಿಸುವ ಸರ್ಕಾರಿ ಸಂಸ್ಥೆ ಅಲಿಮ್ಕೋದವರು ಬಂದರೆ ಸಲಕರಣೆಗೆ ಅಳತೆ ತೆಗೆದುಕೊಳ್ಳುತ್ತಾರೆ. ಇಡೀ ತಾಲ್ಲೂಕಿನ ಮಕ್ಕಳಿಗೆ ಅದೊಂದೇ ದಿನ. ಮಧ್ಯಾಹ್ನದ ಹೊತ್ತಿಗೆ ಸಾಲು ವರಾಂಡ ದಾಟಿರುತ್ತದೆ. ಓದಲು ಬಾರದ ಹುಡುಗನನ್ನು ಆ ಸಾಲಿನಲ್ಲಿ ಯಾವ ಮೇಜಿನ ಮುಂದೆ ನಿಲ್ಲಿಸುವುದು?

ಕಿವಿ ಸೋರುವ ಹುಡುಗನ ಪಾಡು ಇನ್ನೂ ವಿಚಿತ್ರ. ಕಾಯ್ದೆಯ ಅನುಬಂಧದ ಪ್ರಕಾರ ಶ್ರವಣದೋಷ ಶುರುವಾಗುವುದು ಎರಡೂ ಕಿವಿಗಳಲ್ಲಿ 60 ಡೆಸಿಬಲ್ ನಷ್ಟದಿಂದ. ಮೂರಡಿ ದೂರದಲ್ಲಿ ಕೂತು ಇಬ್ಬರು ಮಾತಾಡಿದರೆ ಆಗುವ ಸದ್ದು ಹೆಚ್ಚುಕಡಿಮೆ ಅಷ್ಟೇ. ಒಂದು ಕಿವಿ ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ, ಅಥವಾ ಎರಡರಲ್ಲೂ 40 ಡೆಸಿಬಲ್ ನಷ್ಟವಿದ್ದರೆ ಕಾಯ್ದೆಯ ಕಣ್ಣಿಗೆ ಆ ಮಗುವಿನ ಶ್ರವಣದಲ್ಲಿ ದೋಷವಿಲ್ಲ. ಅದೇ ಮಗುವಿಗೆ ಐವತ್ತು ಮಂದಿಯ ಗದ್ದಲದ ತರಗತಿಯಲ್ಲಿ, ಹಲಗೆಯ ಕಡೆ ತಿರುಗಿ ಮಾತಾಡುವ ಮೇಷ್ಟ್ರ ಉಕ್ತಲೇಖನ ಕೇಳಿಸುವುದಿಲ್ಲ. ಇಂಥ ಮಗುವಿಗೆ ಪ್ರಮಾಣಪತ್ರದ ಅಗತ್ಯವೂ ಇಲ್ಲ. ಬೇಕಾದದ್ದು ಮುಂದಿನ ಬೆಂಚು, ಕಿವಿಗೊಂದು ಕೋರ್ಸು ಔಷಧ, ಮುಖ ಕಾಣುವಂತೆ ನಿಂತು ಮಾತಾಡುವ ಶಿಕ್ಷಕ. ಹೆಚ್ಚು ಖರ್ಚಿಲ್ಲದ ಈ ಮೂರನ್ನು ದಾಖಲಿಸಲು ಯಾವ ನಮೂನೆಯಲ್ಲೂ ಜಾಗವಿಲ್ಲ.

ಪ್ರಮಾಣಪತ್ರದ ಲೋಕದಲ್ಲಿ 40ರದ್ದೇ ಆಡಳಿತ. ಶೇಕಡ 40 ಮುಟ್ಟಿದರೆ ‘ಮಾನದಂಡ ವೈಕಲ್ಯ’, ಅದಕ್ಕೆ ಸೌಲಭ್ಯ. 2024ರಲ್ಲಿ ತಿದ್ದಿದ ನಿಯಮಗಳ ಪ್ರಕಾರ ವಿಶಿಷ್ಟ ಗುರುತಿನ ಚೀಟಿಗೆ ಬಣ್ಣಗಳೂ ಬಂದಿವೆ: 40ಕ್ಕಿಂತ ಕಡಿಮೆಯಿದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, ಅದರ ಮೇಲೆ ನೀಲಿ. ಬಿಳಿ ಚೀಟಿ ಹಿಡಿದು ಬಂದ ವಿದ್ಯಾರ್ಥಿಗೆ ಏನು ಕೊಡಬೇಕೆಂದು ಮುಖ್ಯ ಶಿಕ್ಷಕರು ಕೇಳಿದರೆ ಉತ್ತರ ಹೇಳುವುದು ಕಷ್ಟ. ನಿನಗೆ ತೊಂದರೆ ಇರುವುದು ನಿಜ ಎಂದು ಸರ್ಕಾರ ಬರೆದುಕೊಟ್ಟ ಹಾಗಾಯಿತು, ಅಷ್ಟೆ.

ಕೋಲಾರಕ್ಕೆ ಈ ಕೆಲಸ ಹೊಸದೇನಲ್ಲ ಎಂಬುದನ್ನೂ ಹೇಳಬೇಕು. 1974ರಲ್ಲೇ ಕೇಂದ್ರ ಸರ್ಕಾರ ಅಂಗವಿಕಲ ಮಕ್ಕಳ ಸಮನ್ವಯ ಶಿಕ್ಷಣ ಯೋಜನೆ ತಂದಿತ್ತು. ತೊಂಬತ್ತರ ದಶಕದಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ (ಡಿ.ಪಿ.ಇ.ಪಿ.) ಬಂದಾಗ ಕರ್ನಾಟಕದ ಮೊದಲ ನಾಲ್ಕು ಜಿಲ್ಲೆಗಳಲ್ಲಿ ಬೆಳಗಾವಿ, ಮಂಡ್ಯ, ರಾಯಚೂರಿನ ಜತೆ ಕೋಲಾರವೂ ಇತ್ತು. ಇಲ್ಲಿನ ಹಳೆಯ ಮೇಷ್ಟ್ರುಗಳಿಗೆ ತರಬೇತಿ, ಸಮೀಕ್ಷೆ, ನಮೂನೆ ಎಲ್ಲವೂ ಮೂವತ್ತು ವರ್ಷದ ಪರಿಚಯ. ಆದರೆ ಅದೆಲ್ಲ ಹೆಚ್ಚಾಗಿ ಪ್ರಾಥಮಿಕ ಶಾಲೆಯ ಕಥೆ. ಪ್ರೌಢಶಾಲೆಗೆ ಪ್ರತ್ಯೇಕ ಯೋಜನೆ ಬಂದದ್ದು 2009–10ರಲ್ಲಿ, ಒಂಬತ್ತರಿಂದ ಹನ್ನೆರಡನೇ ತರಗತಿಯ ಮಕ್ಕಳಿಗಾಗಿ. 2018ರಲ್ಲಿ ಅದೂ ಸಮಗ್ರ ಶಿಕ್ಷಣ ಯೋಜನೆಯೊಳಗೆ ಸೇರಿಹೋಯಿತು. ಈಗ ತಾಲ್ಲೂಕಿನಲ್ಲಿ ಈ ಕೆಲಸವನ್ನು ಹೊತ್ತಿರುವವರು ಬಿ.ಐ.ಇ.ಆರ್.ಟಿ.ಗಳು, ಅಂದರೆ ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು. ಬೆರಳೆಣಿಕೆಯ ಮಂದಿ. ಶ್ರೀನಿವಾಸಪುರದವರಿಗೆ ಕಸಬಾದಿಂದ ಹಿಡಿದು ಆಂಧ್ರದ ಗಡಿಗೆ ಅಂಟಿದ ರಾಯಲ್ಪಾಡು ಹೋಬಳಿಯವರೆಗೆ, ಮಾಲೂರಿನವರಿಗೆ ಟೇಕಲ್, ಲಕ್ಕೂರು, ಮಾಸ್ತಿಯವರೆಗೆ ತಿರುಗಾಟ. ಶಾಲೆಗೆ ಬರಲಾಗದ ಮಕ್ಕಳ ಗೃಹಾಧಾರಿತ ಶಿಕ್ಷಣವೂ ಅವರದೇ, ಶಿಬಿರವೂ ಅವರದೇ, ವರದಿಯೂ ಅವರದೇ.

ತೆಲುಗು ಮನೆ, ಕನ್ನಡ ಶಾಲೆ

ಇಷ್ಟರವರೆಗೆ ಹೇಳಿದ್ದು ರಾಜ್ಯದ ಯಾವ ಜಿಲ್ಲೆಗಾದರೂ ಹೊಂದುತ್ತದೆ. ಈ ನಾಲ್ಕು ತಾಲ್ಲೂಕುಗಳಿಗೆ ಅವುಗಳದ್ದೇ ಆದ ಒಂದು ತೊಡಕಿದೆ. ಮುಳಬಾಗಿಲು, ಶ್ರೀನಿವಾಸಪುರದ ಬಹಳಷ್ಟು ಮನೆಗಳಲ್ಲಿ ಮಾತು ತೆಲುಗು. ಮಾಲೂರಿನಿಂದ ಹೊಸೂರಿನ ಕಡೆ ಹೋದಂತೆ ತಮಿಳೂ ಸೇರುತ್ತದೆ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ಪೇಟೆಗಳಲ್ಲಿ ಉರ್ದು ಮನೆಗಳಿವೆ. ಮಾಲೂರು, ನರಸಾಪುರ, ವೇಮಗಲ್‌ನ ಕಾರ್ಖಾನೆಗಳಿಗೆ ಹೊರ ಜಿಲ್ಲೆ, ಹೊರ ರಾಜ್ಯಗಳಿಂದ ಬಂದವರ ಮಕ್ಕಳೂ ಇದೇ ಶಾಲೆಗಳಿಗೆ ಬರುತ್ತಾರೆ. ಮನೆಯಲ್ಲಿ, ಬೀದಿಯಲ್ಲಿ, ಕ್ರಿಕೆಟ್ ಆಡುವಾಗ ತೆಲುಗು. ಪುಸ್ತಕ ತೆರೆದರೆ ಕನ್ನಡ. ಈ ನೆಲದ ಮಕ್ಕಳು ಎರಡು ಭಾಷೆಯನ್ನು ಸರಾಗವಾಗಿ ತೂಗಿಸುತ್ತಾರೆ. ಮುಳಬಾಗಿಲಿನ ಡಿ.ವಿ. ಗುಂಡಪ್ಪ, ಮಾಲೂರು ಸೀಮೆಯ ಸಾಹಿತಿ ಮಾಸ್ತಿ ಇಂಥ ಬಹುಭಾಷೆಯ ಗಾಳಿಯಲ್ಲೇ ಬೆಳೆದವರು. ತೊಂದರೆ ಇರುವುದು ಅಳೆಯುವವರಿಗೆ.

ಎಂಟನೇ ತರಗತಿಯ ಇಬ್ಬರನ್ನು ಪಕ್ಕಪಕ್ಕ ಕೂರಿಸಿ ಏಳನೇ ತರಗತಿಯ ಪುಸ್ತಕದ ಒಂದು ಪುಟ ಓದಿಸಿದರೆ ಇದು ಕಣ್ಣಿಗೇ ಕಾಣುತ್ತದೆ. ಮೊದಲನೆಯವನು ‘ವಿದ್ಯಾರ್ಥಿ’ಯನ್ನು ತಪ್ಪಿಲ್ಲದೆ ಓದುತ್ತಾನೆ, ಅರ್ಕಾವತ್ತು ಒತ್ತಕ್ಷರ ಎಲ್ಲ ನೆಟ್ಟಗೆ ಬರುತ್ತವೆ. ಪುಟ ಮುಗಿದ ಮೇಲೆ ಕಥೆಯಲ್ಲಿ ಏನಾಯಿತು ಎಂದರೆ ಬಾಯಿ ಬಿಡುವುದಿಲ್ಲ. ಎರಡನೆಯವನು ‘ವಿದಾರತಿ’ ಎನ್ನುತ್ತಾನೆ, ಒತ್ತು ಕಂಡಲ್ಲಿ ಹಾರುತ್ತಾನೆ, ಸಾಲು ತಪ್ಪುತ್ತದೆ, ಬೆರಳಿಟ್ಟುಕೊಂಡರೂ ತಪ್ಪುತ್ತದೆ. ಅದೇ ಪುಟವನ್ನು ಶಿಕ್ಷಕರು ಓದಿ ಹೇಳಿ, ಪ್ರಶ್ನೆಯನ್ನು ತೆಲುಗಿನಲ್ಲಿ ಕೇಳಿದರೆ ತಟಕ್ಕನೆ ಉತ್ತರ ಬರುತ್ತದೆ, ಕಥೆಯಲ್ಲಿ ಇಲ್ಲದ ಒಂದು ತಮಾಷೆಯೂ ಸೇರಿಕೊಂಡು. ಪರೀಕ್ಷೆಯಲ್ಲಿ ಇಬ್ಬರಿಗೂ ಇಪ್ಪತ್ತೈದಕ್ಕೆ ಆರೋ ಏಳೋ. ಅಂಕಪಟ್ಟಿಯಲ್ಲಿ ಇಬ್ಬರೂ ಒಂದೇ. ಮೊದಲನೆಯವನಿಗೆ ಬೇಕಾದದ್ದು ಕನ್ನಡದ ಮಾತು, ಎರಡನೆಯವನಿಗೆ ಅಕ್ಷರದ ಜತೆ ದಿನಾ ಅರ್ಧ ಗಂಟೆಯ ಕುಸ್ತಿ. ಎರಡು ಮೂರು ತಿಂಗಳು ಕೂರಿಸಿ ಕಲಿಸಿದ ಮೇಲೂ ಎರಡನೆಯವನ ಓದು ಕದಲದಿದ್ದರೆ ಆಗ ಮನಶ್ಶಾಸ್ತ್ರಜ್ಞರ ಹತ್ತಿರ ಕಳಿಸಬೇಕು. ಇಬ್ಬರನ್ನೂ ಒಂದೇ ‘ಪರಿಹಾರ ಬೋಧನೆ’ಗೆ ಸೇರಿಸಿದರೆ ಇಬ್ಬರಿಗೂ ಪರಿಹಾರವಿಲ್ಲ.

ಇನ್ನೊಂದು ಎಚ್ಚರವೂ ಬೇಕು. ಓದು ಬಾರದವರೆಲ್ಲ ಕಲಿಕಾ ನ್ಯೂನತೆಯವರಲ್ಲ. ಹದಿನಾಲ್ಕರಿಂದ ಹದಿನೆಂಟು ವಯಸ್ಸಿನ ಗ್ರಾಮೀಣ ಮಕ್ಕಳಲ್ಲಿ ಸುಮಾರು ಕಾಲು ಭಾಗಕ್ಕೆ ತಮ್ಮ ಪ್ರಾದೇಶಿಕ ಭಾಷೆಯಲ್ಲಿ ಎರಡನೇ ತರಗತಿಯ ಪಠ್ಯ ಸರಾಗವಾಗಿ ಓದಲು ಬರುವುದಿಲ್ಲ ಎಂದು 2023ರ ‘ಅಸರ್’ ವರದಿ ಹೇಳಿತ್ತು. ಕಾಲು ಭಾಗ ಮಕ್ಕಳ ಮಿದುಳಿನಲ್ಲಿ ದೋಷವಿರಲಾರದು. ಕನ್ನಡದ ಅಕ್ಷರಗಳೂ ಬೇಗ ಕೈಗೆ ಸಿಗುವಂಥವಲ್ಲ. ಕನ್ನಡ ಓದಿನ ಬೆಳವಣಿಗೆಯನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಇಂಗ್ಲಿಷ್ ಮಕ್ಕಳು ಒಂದೆರಡು ವರ್ಷದಲ್ಲಿ ಮುಗಿಸುವ ಅಕ್ಷರ ಕಲಿಕೆ ಇಲ್ಲಿ ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳವರೆಗೂ ಸಾಗುತ್ತದೆ ಎಂದು ತೋರಿಸಿದರು. ಕಾಗುಣಿತ, ಒತ್ತು, ಒತ್ತಿನ ಮೇಲೊಂದು ಒತ್ತು ಸೇರಿ ನೂರಾರು ರೂಪಗಳು. ಮೂರನೇ ತರಗತಿಯಲ್ಲಿ ಕೈಬಿಟ್ಟ ಮಗುವಿನ ಬಾಕಿ ಎಂಟನೇ ತರಗತಿಗೂ ಹಾಗೇ ಬರುತ್ತದೆ. ಕೋವಿಡ್ ಕಾಲದಲ್ಲಿ ಬಾಗಿಲು ಹಾಕಿದ್ದ ಶಾಲೆಗಳ ಮಕ್ಕಳೇ ಈಗ ಹೈಸ್ಕೂಲಿನಲ್ಲಿ ಇರುವುದನ್ನು ಮರೆಯಬಾರದು.

ಹಾಗಾದರೆ ಬೇರ್ಪಡಿಸಿ ನೋಡಲು ಸರಿಯಾದ ಸಾಧನ ಇದೆಯೇ? ಪ್ರಾಥಮಿಕಕ್ಕೆ ಇದೆ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ಹೊರತಂದ ‘ಡಾಲಿ’ ಎಂಬ ಡಿಸ್ಲೆಕ್ಸಿಯಾ ಪರೀಕ್ಷೆ ಹಿಂದಿ, ಮರಾಠಿ, ಇಂಗ್ಲಿಷಿನ ಜತೆ ಕನ್ನಡದಲ್ಲೂ ಇದೆ. ಆದರೆ ಅದು ಐದನೇ ತರಗತಿಯವರೆಗೆ. ಪ್ರಮಾಣಪತ್ರಕ್ಕೆ ಸರ್ಕಾರ 2018ರಲ್ಲಿ ಒಪ್ಪಿದ್ದು ಬೆಂಗಳೂರಿನ ನಿಮ್ಹಾನ್ಸ್ 1991ರಲ್ಲಿ ರೂಪಿಸಿದ ಪರೀಕ್ಷಾ ಸರಣಿಯನ್ನು. ಅದರ ಮೊದಲ ಹಂತ 5ರಿಂದ 7 ವರ್ಷದವರಿಗೆ, ಎರಡನೆಯದು 8ರಿಂದ 12 ವರ್ಷದವರಿಗೆ. 2018ರ ಮಾರ್ಗಸೂಚಿ ಎಂಟನೇ ವಯಸ್ಸಿನಲ್ಲಿ ಪ್ರಮಾಣಪತ್ರ ಕೊಡಿ, 14ಕ್ಕೆ ಮತ್ತು 18ಕ್ಕೆ ಮತ್ತೆ ಪರೀಕ್ಷಿಸಿ ಎಂದಿತ್ತು. ಹದಿನಾಲ್ಕರ ಹುಡುಗಿಯನ್ನು ಹನ್ನೆರಡಕ್ಕೆ ಮುಗಿಯುವ ಪರೀಕ್ಷೆಯಿಂದ ಅಳೆಯಬೇಕು, ಅದೂ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪರೀಕ್ಷಿಸುವವರ ಬಳಿ ಹೆಚ್ಚಾಗಿ ಇಂಗ್ಲಿಷ್. ಹೈಸ್ಕೂಲು ವಯಸ್ಸಿನ ಕನ್ನಡ ಓದಿಗೆ, ದ್ವಿಭಾಷಿ ಮನೆಗಳನ್ನು ಲೆಕ್ಕಕ್ಕೆ ಹಿಡಿದ ಮಾನದಂಡ ಬೇಕೆಂದರೆ ಗಡಿ ಜಿಲ್ಲೆಗಳ ಮಕ್ಕಳನ್ನೇ ಓದಿಸಿ ಸಿದ್ಧಪಡಿಸಬೇಕು. ಕೋಲಾರದ ಶಿಕ್ಷಕರ ತರಬೇತಿ ಸಂಸ್ಥೆ ಡಯಟ್, ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ, ನಿಮ್ಹಾನ್ಸ್ ಮೂರೂ ಒಂದು ದಿನದ ಪ್ರಯಾಣದೊಳಗೇ ಇವೆ. ಇದು ಆಗದ ಕೆಲಸವೇನಲ್ಲ.

ಎನ್‌ಸಿಇಆರ್‌ಟಿ 2022ರಲ್ಲಿ ಬಿಡುಗಡೆ ಮಾಡಿದ ‘ಪ್ರಶಸ್ತ್’ ಆ್ಯಪ್ ಈ ಕೊರತೆಯನ್ನು ಸ್ವಲ್ಪ ತುಂಬುತ್ತದೆ. 21 ವೈಕಲ್ಯಗಳ ಲಕ್ಷಣಗಳನ್ನು ಪ್ರಶ್ನೆಗಳಾಗಿ ಇಟ್ಟಿದ್ದಾರೆ. ತರಗತಿಯ ಶಿಕ್ಷಕರು ಮೊದಲ ಭಾಗ ತುಂಬುತ್ತಾರೆ, ಅನುಮಾನ ಬಂದ ಮಕ್ಕಳ ಎರಡನೇ ಭಾಗವನ್ನು ವಿಶೇಷ ಶಿಕ್ಷಕರು ನೋಡುತ್ತಾರೆ. ಶಿಕ್ಷಕರ ಕಣ್ಣನ್ನು ನಂಬಿದ್ದು ಅದರ ಒಳ್ಳೆಯ ಗುಣ. ಆದರೆ ಒಂದು ತರಗತಿಯಲ್ಲಿ ದಿನಕ್ಕೆ ಒಂದೇ ಅವಧಿ ಕಳೆಯುವ ಹೈಸ್ಕೂಲು ಶಿಕ್ಷಕರಿಗೆ ಎಂಟನೇ ತರಗತಿಯ ಅರವತ್ತು ಮಕ್ಕಳ ಹೆಸರು ನೆನಪಾಗುವಷ್ಟರಲ್ಲಿ ದಸರಾ ರಜೆ ಬಂದಿರುತ್ತದೆ. ಈ ಪ್ರಶ್ನೆಗಳಿಗೆ ಬೇಗ ಉತ್ತರ ಹೇಳಬಲ್ಲವರು ಏಳನೇ ತರಗತಿಯ ಹಳೆಯ ಮೇಷ್ಟ್ರು, ಅವರನ್ನು ಯಾರೂ ಕೇಳುವುದಿಲ್ಲ.

ಹತ್ತನೇ ತರಗತಿಯಲ್ಲಿ ನೆನಪಾಗುವ ಮಕ್ಕಳು

ಎಂಟು, ಒಂಬತ್ತರಲ್ಲಿ ಕಾಣದಿದ್ದವರು ಹತ್ತಕ್ಕೆ ಬಂದಾಗ ಇದ್ದಕ್ಕಿದ್ದಂತೆ ಕಾಣಿಸತೊಡಗುತ್ತಾರೆ. ಕಾರಣ ಎಸ್‌ಎಸ್‌ಎಲ್‌ಸಿ. ವಿಶೇಷ ಅಗತ್ಯವುಳ್ಳ ವಿದ್ಯಾರ್ಥಿಗಳಿಗೆ ಲಿಪಿಕಾರರು, ಹೆಚ್ಚುವರಿ ಸಮಯ, ಕೆಲವರಿಗೆ ಭಾಷಾ ವಿನಾಯಿತಿ, ಗಣಿತದ ಬದಲು ಬೇರೆ ವಿಷಯ, ಹೀಗೆ ಹಲವು ರಿಯಾಯಿತಿಗಳನ್ನು ಪರೀಕ್ಷಾ ಮಂಡಳಿ ಕೊಡುತ್ತದೆ. ಗಂಟೆಗೆ ಇಪ್ಪತ್ತು ನಿಮಿಷಕ್ಕೆ ಕಡಿಮೆಯಿಲ್ಲದಷ್ಟು ಹೆಚ್ಚುವರಿ ಸಮಯ ಎಂಬುದು ಕೇಂದ್ರದ 2018ರ ಮಾರ್ಗಸೂಚಿ, ಅಂದರೆ ಮೂರು ಗಂಟೆಯ ಪತ್ರಿಕೆಗೆ ಇನ್ನೊಂದು ಗಂಟೆ. ಇದು ದಾನವಲ್ಲ, ಹಕ್ಕು. ಆದರೆ ಅರ್ಜಿಗೆ ವೈದ್ಯಕೀಯ ಪ್ರಮಾಣಪತ್ರ ಲಗತ್ತಿಸಬೇಕು. ಆಗ ಶುರುವಾಗುತ್ತದೆ ಓಟ. ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ ಯಾವುದೇ ಇರಲಿ, ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆ 25–30 ಕಿಲೋಮೀಟರ್. ಹೋಬಳಿಯ ಹಳ್ಳಿಯಿಂದಾದರೆ ಎರಡು ಬಸ್ಸು. ತಾಯಿ ಟೊಮೆಟೊ ತೋಟದ ಕೂಲಿ ಬಿಡಬೇಕು, ಡಾಕ್ಟರು ಅಂದು ಸಿಗಬೇಕು, ಇಲ್ಲವಾದರೆ ಇನ್ನೊಂದು ಕೂಲಿ. ಮಗನಿಗೆ ‘ಬುದ್ಧಿಮಾಂದ್ಯ’ ಎಂದು ಬರೆದುಕೊಡುತ್ತಾರೋ ಏನೋ ಎಂಬ ಹೆದರಿಕೆ ಬೇರೆ. ಮಗಳಾದರೆ ಮದುವೆಯ ಯೋಚನೆ. ಎಷ್ಟೋ ತಾಯಂದಿರು ಅರ್ಧ ದಾರಿಯಲ್ಲೇ ‘ಬೇಡ ಬಿಡಿ ಸಾರ್, ಹೆಂಗೋ ಪಾಸಾಗ್ಲಿ’ ಎನ್ನುತ್ತಾರೆ.

ಶಾಲೆಗೂ ಅದರದ್ದೇ ಲೆಕ್ಕಾಚಾರ. ಜಿಲ್ಲೆಯ ಫಲಿತಾಂಶ ರಾಜ್ಯದ ಪಟ್ಟಿಯಲ್ಲಿ ಎಷ್ಟನೇ ಸ್ಥಾನ ಎಂಬುದು ಮೇ ತಿಂಗಳ ಪತ್ರಿಕೆಗಳ ಮುಖಪುಟ. ಫಲಿತಾಂಶ ಕುಸಿದರೆ ಮುಖ್ಯ ಶಿಕ್ಷಕರಿಗೆ ನೋಟಿಸ್. ಹಾಗಾಗಿ ಡಿಸೆಂಬರ್ ಬಂತೆಂದರೆ ‘ಪಾಸಿಂಗ್ ಪ್ಯಾಕೇಜ್’ ಹೊರಗೆ ಬರುತ್ತದೆ: ಪಾಸಾಗಲು ಬೇಕಾದಷ್ಟೇ ಪ್ರಶ್ನೆಗಳು, ಬಾಯಿಪಾಠಕ್ಕೆ ಒಗ್ಗುವ ಉತ್ತರಗಳು. ಓದಲು ಬಾರದ ಹುಡುಗನೂ ನಕ್ಷೆ ಗುರುತಿಸಿ, ರಚನೆ ಬಿಡಿಸಿ, ಎರಡು ವ್ಯಾಖ್ಯೆ ಉರು ಹೊಡೆದು ದಡ ಸೇರುತ್ತಾನೆ. ಶಿಕ್ಷಕರು ರಾತ್ರಿಯವರೆಗೆ ಕೂತು ಮಾಡಿಸುವ ಕೆಲಸ ಇದು, ಅವರ ಶ್ರಮವನ್ನು ಹಗುರವಾಗಿ ನೋಡಲಾರೆ. ಆದರೆ ಈ ಏರ್ಪಾಡಿನಲ್ಲಿ ಹುಡುಗನ ಅಗತ್ಯ ಯಾವುದು ಎಂಬ ಪ್ರಶ್ನೆ ಪರೀಕ್ಷೆಗೆ ಮುಂಚೆ ಯಾರಿಗೂ ಬೇಕಾಗುವುದಿಲ್ಲ, ಪರೀಕ್ಷೆಯ ನಂತರ ಕೇಳುವವರಿಲ್ಲ. ಪಾಸಾದವನು ಪಿಯುಸಿ ಮೊದಲ ತಿಂಗಳಲ್ಲೇ ಕಾಲೇಜು ಬಿಟ್ಟು ನರಸಾಪುರದ ಕಾರ್ಖಾನೆಯ ಗೇಟಿನ ಮುಂದೆ ನಿಂತರೆ ಅದು ಯಾವ ನಮೂನೆಗೂ ಬಾರದ ಸುದ್ದಿ.

ಇನ್ನು ನೆರವಿನ ಲೆಕ್ಕ. ಸಮಗ್ರ ಶಿಕ್ಷಣದಲ್ಲಿ ವಿಶೇಷ ಅಗತ್ಯವುಳ್ಳ ಒಂದು ಮಗುವಿಗೆ ವರ್ಷಕ್ಕೆ 3,500 ರೂಪಾಯಿ ಎಂದಿದೆ. ಸಲಕರಣೆ, ಪುಸ್ತಕ, ಓದಿ ಹೇಳುವವರು, ಓಡಾಟ, ಬೆಂಗಾವಲು ಎಲ್ಲವೂ ಅದರಲ್ಲೇ. ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳ ಭತ್ಯೆ ಬೇರೆ. ಶಿಬಿರದಲ್ಲಿ ಕೊಟ್ಟ ಶ್ರವಣ ಸಾಧನದ ಕಥೆಯನ್ನೇ ತೆಗೆದುಕೊಳ್ಳಿ. ಕಿವಿಯ ಹಿಂದೆ ಕೂರುವ ಬಗೆಯದಕ್ಕೆ ಗುಂಡಿಯಷ್ಟು ಚಿಕ್ಕ ಬ್ಯಾಟರಿ ಬೇಕು. ದಿನವಿಡೀ ಹಾಕಿಕೊಂಡರೆ ಒಂದೆರಡು ವಾರಕ್ಕೆ ಅದರ ಆಯುಸ್ಸು ಮುಗಿಯುತ್ತದೆ. ನಂಗಲಿಯಂಥ ಊರಿನ ಕಿರಾಣಿ ಅಂಗಡಿಯಲ್ಲಿ ಪೆನ್ಸಿಲ್ ಸೆಲ್ ಸಿಗುತ್ತದೆ, ಇದು ಸಿಗುವುದಿಲ್ಲ. ಕಿವಿಗೆ ತಾಗುವ ಅಚ್ಚು ಮಗು ಬೆಳೆದಂತೆ ಬದಲಾಗಬೇಕು. ಅಚ್ಚು ಸಡಿಲವಾದರೆ ಕೀಚ್ ಎಂಬ ಸದ್ದು ಶುರು, ಪಕ್ಕದವರು ನಗುತ್ತಾರೆ, ಸಾಧನ ಟ್ರಂಕು ಸೇರುತ್ತದೆ. ವಹಿಯಲ್ಲಿ ಮಾತ್ರ ‘ಶ್ರವಣ ಸಾಧನ ವಿತರಿಸಲಾಗಿದೆ’ ಎಂದು ಬರೆದದ್ದು ಬರೆದಂತೆಯೇ ಇರುತ್ತದೆ. ಜೂನ್‌ನಲ್ಲಿ ಕೊಟ್ಟದ್ದು ಫೆಬ್ರುವರಿಯಲ್ಲಿ ಕಿವಿಯ ಮೇಲಿದೆಯೇ ಎಂದು ನೋಡಿ ಬರೆಯುವ ಒಂದೇ ಒಂದು ಕಾಲಂ ಸೇರಿಸಿದರೆ ಇಡೀ ವಹಿಯ ಬಣ್ಣ ಬದಲಾದೀತು.

ಬೇರೆಯವರು ಹೇಗೆ ಎಣಿಸುತ್ತಾರೆ ಎಂಬುದನ್ನೂ ನೋಡಬಹುದು. ಐವರಲ್ಲಿ ಒಬ್ಬ ಮಗುವಿಗೆ ಶಾಲಾ ಜೀವನದ ಯಾವುದೋ ಘಟ್ಟದಲ್ಲಿ ವಿಶೇಷ ನೆರವು ಬೇಕಾಗುತ್ತದೆ ಎಂದು ಇಂಗ್ಲೆಂಡಿನ ವಾರ್ನಾಕ್ ಸಮಿತಿ 1978ರಲ್ಲೇ ಹೇಳಿತ್ತು. ಇವತ್ತಿಗೂ ಅಲ್ಲಿ ಎಣಿಕೆಗೆ ಎರಡು ಹಂತ. 2025ರ ಜನವರಿಯ ಲೆಕ್ಕದಲ್ಲಿ ನೂರಕ್ಕೆ ಸುಮಾರು 14 ಮಕ್ಕಳಿಗೆ ಶಾಲೆಯೇ ಗುರುತಿಸಿ ಕೊಡುವ ನೆರವು, ಇನ್ನು ಐದು ಮಕ್ಕಳಿಗೆ ಕಾನೂನುಬದ್ಧವಾದ ವೈಯಕ್ತಿಕ ಯೋಜನೆ. ಆ ಹದಿನಾಲ್ಕು ಮಕ್ಕಳಿಗೆ ಡಾಕ್ಟರ ಚೀಟಿ ಬೇಕಿಲ್ಲ, ಶಿಕ್ಷಕರಿಗೆ ಕಂಡರೆ ಸಾಕು. ಅಲ್ಲಿಯೂ ಹಣಕ್ಕೆ ತಿಕ್ಕಾಟವಿದೆ, ಯೋಜನೆಗೆ ಕಾದು ಸುಸ್ತಾದ ತಾಯ್ತಂದೆಯರಿದ್ದಾರೆ. ಅದನ್ನು ಹಾಗೇ ಎತ್ತಿ ತಂದು ಟೇಕಲ್‌ನಲ್ಲಿ ನೆಡಿ ಎಂದು ಹೇಳುತ್ತಿಲ್ಲ. ಆದರೆ ನಮ್ಮ ಎಣಿಕೆಗೆ ಇಲ್ಲದಿರುವುದು ಅದೇ ಮೊದಲನೇ ಹಂತ, ಚೀಟಿ ಇಲ್ಲದ ಮಕ್ಕಳ ಹಂತ. ಅಂತರರಾಷ್ಟ್ರೀಯ ಅಂಕಿಅಂಶದ ‘ವಾಷಿಂಗ್ಟನ್ ಗುಂಪು’ ಯುನಿಸೆಫ್ ಜತೆ ರೂಪಿಸಿದ ಮಕ್ಕಳ ಪ್ರಶ್ನಾವಳಿಯೂ ಇದೇ ಜಾಡಿನದು. ‘ನಿನ್ನ ಮಗುವಿಗೆ ವೈಕಲ್ಯ ಇದೆಯೇ’ ಎಂದು ಅದು ಕೇಳುವುದಿಲ್ಲ. ಕೇಳಿಸಿಕೊಳ್ಳಲು, ನೋಡಲು, ನೆನಪಿಡಲು, ಗಮನ ಕೊಡಲು, ಗೆಳೆಯರನ್ನು ಮಾಡಿಕೊಳ್ಳಲು ಕಷ್ಟವೇ, ಸ್ವಲ್ಪವೇ, ಬಹಳವೇ ಎನ್ನುತ್ತದೆ. ಹಾಗೆ ಕೇಳಿದರೆ ಮುಳಬಾಗಿಲಿನ ತಾಯಿಯೂ ಮುಚ್ಚಿಡದೆ ಹೇಳುತ್ತಾಳೆ.

ಎಂಟನೇ ತರಗತಿಯ ದಾಖಲಾತಿಯ ಹೊತ್ತಿಗೆ ಇಂಥ ಪ್ರಶ್ನೆಗಳ ಒಂದು ಹಾಳೆ, ಮನೆಮಾತು ಯಾವುದು ಎಂಬ ಒಂದು ಸಾಲು, ಒಂದು ಪುಟದ ಓದು, ಹಳೆಯ ಶಾಲೆಯ ಮೇಷ್ಟ್ರಿಗೊಂದು ಫೋನು. ವರ್ಷದ ಕೊನೆಗೆ ಅದೇ ಹಾಳೆ ಮತ್ತೊಮ್ಮೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರುಗಳ ತಂಡ 2013ರಿಂದ ಶಾಲೆಗಳಿಗೆ ಬರುತ್ತಲೇ ಇದೆ, ಗ್ರಾಮ ಪಂಚಾಯಿತಿಗಳಲ್ಲಿ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಡಾಕ್ಟರುಗಳ ಪಟ್ಟಿ ಆರೋಗ್ಯ ಇಲಾಖೆಗೆ, ಕಾರ್ಯಕರ್ತರದು ವಿಕಲಚೇತನರ ಇಲಾಖೆಗೆ, ಬಿ.ಐ.ಇ.ಆರ್.ಟಿ.ಯದು ಶಿಕ್ಷಣ ಇಲಾಖೆಗೆ ಹೋಗುತ್ತದೆ. ಒಂದೇ ತಾಲ್ಲೂಕು ಕಚೇರಿಯ ಆವರಣದಲ್ಲಿ ಈ ಮೂರು ಪಟ್ಟಿಗಳನ್ನು ಒಂದು ಮೇಜಿನ ಮೇಲೆ ಹರಡಿ ಹೆಸರು ತಾಳೆ ನೋಡಿದರೆ ಮೊದಲ ದಿನವೇ ಹೊಸ ಹೆಸರುಗಳು ಸಿಕ್ಕಾವು.

ಎಣಿಕೆ ಇಷ್ಟು ಮುಖ್ಯವಾಗುವುದಕ್ಕೆ ಕೊನೆಯದೊಂದು ಕಾರಣವಿದೆ, ಅದು ಪೂರಾ ವ್ಯವಹಾರದ್ದು. ವಿಶೇಷ ಶಿಕ್ಷಕರ ನೇಮಕದ ಬಗ್ಗೆ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟಿತು. ಪ್ರಾಥಮಿಕದಲ್ಲಿ ಹತ್ತು ಮಕ್ಕಳಿಗೊಬ್ಬರು, ಮೇಲಿನ ತರಗತಿಗಳಲ್ಲಿ ಹದಿನೈದು ಮಕ್ಕಳಿಗೊಬ್ಬರು ಎಂಬ ಅನುಪಾತ ಆ ನಂತರ ಚಾಲ್ತಿಗೆ ಬಂತು. ರಾಜ್ಯಗಳು ಹುದ್ದೆಗಳ ಸಂಖ್ಯೆ ಪ್ರಕಟಿಸದೆ ಸುಮ್ಮನಿದ್ದುದಕ್ಕೆ 2025ರ ಮಾರ್ಚ್‌ನಲ್ಲಿ ಕೋರ್ಟ್ ಮತ್ತೆ ಚುರುಕು ಮುಟ್ಟಿಸಿತು. ಹುದ್ದೆ ಎಷ್ಟು ಎಂದು ತೀರ್ಮಾನಿಸುವುದು ಮಕ್ಕಳ ಎಣಿಕೆ. ಒಂದು ತಾಲ್ಲೂಕಿನ ಹೈಸ್ಕೂಲುಗಳಿಂದ 60 ಹೆಸರು ಹೋದರೆ ನಾಲ್ವರು ಶಿಕ್ಷಕರು, 300 ಹೋದರೆ ಇಪ್ಪತ್ತು ಮಂದಿ. ಮುಖ್ಯ ಶಿಕ್ಷಕರು ಯು–ಡೈಸ್ ತುಂಬುವ ಸಂಜೆ, ಸರ್ವರ್ ನಿಧಾನವಾಗಿ, ಕೊನೆಯ ದಿನಾಂಕ ಹತ್ತಿರವಾಗಿ, ಆ ಕಾಲಂನಲ್ಲಿ ಕಳೆದ ವರ್ಷದ ವಿವರವನ್ನೇ ಮತ್ತೆ ತುಂಬುವಾಗ ಮುಂದಿನ ವರ್ಷದ ಹುದ್ದೆಗಳ ಪಟ್ಟಿಯೂ ಅಲ್ಲೇ ತಯಾರಾಗುತ್ತಿರುತ್ತದೆ.